ಭಾರ ಹೊತ್ತರೆ ನೆಟ್ಟಗಿರುತ್ತಿದ್ದ ನೀಲವ್ವ

ತಲೆಯ ಮೇಲೆ ಭಾರವಿದ್ದರೆ ನೀಲವ್ವ ನೆಟ್ಟಗೆ ನಡೆಯುತ್ತಿದ್ದಳು. ಭಾರ ಇಳಿಸಿದ ಕೂಡಲೇ ಓಲಾಡುತ್ತಿದ್ದಳು. ಇದು ನನ್ನ ಕಣ್ಣಿಗೆ ಬೀಳಲು ಎರಡು ತಿಂಗಳು ಹಿಡಿಯಿತು. ನನಗೆ ಸಂಬಳ ಕೊಡುತ್ತಿದ್ದದ್ದೇ ಇಂಥದ್ದನ್ನು ಗಮನಿಸಲು.

ಮುಲುಂಡ್‌ನಲ್ಲಿ ಹಳೆಯ ಹೌಸಿಂಗ್ ಸೊಸೈಟಿಯೊಂದನ್ನು ಕೆಡವಿ ಏಳು ಮಾಳಿಗೆ ಎಬ್ಬಿಸುತ್ತಿದ್ದರು. ನಾನು ಅಲ್ಲಿ ಸೇಫ್ಟಿ ಸೂಪರ್‌ವೈಸರ್. ಯಾರು ಎಲ್ಲಿಂದ ಬೀಳಬಹುದು ಎಂದು ಬೆಳಗಿನಿಂದ ಸಂಜೆಯವರೆಗೆ ಹೆದರುತ್ತ ತಿರುಗುವುದೇ ಉದ್ಯೋಗ. ಹುಟ್ಟಾ ಪುಕ್ಕಲನಾದ ನನಗೆ ಹೇಳಿ ಮಾಡಿಸಿದ್ದು.

ನೀಲವ್ವ ಇಂಡಿ ಕಡೆಯವಳು, ಐವತ್ತು ದಾಟಿದ ವಿಧವೆ. ಕಲಸಿದ ಸಿಮೆಂಟು ತುಂಬಿದ ಕಬ್ಬಿಣದ ಬಾಣಲೆ, ಅಂದರೆ ಘಮೇಲಾ, ಹೊರುವುದು ಆಕೆಯ ಕೆಲಸ. ಹಳೇ ಸೀರೆಯ ಸಿಂಬಿಯ ಮೇಲೆ ಅದನ್ನಿಟ್ಟು, ಎರಡೂ ಕೈ ಬಿಟ್ಟು, ಎಲೆಯಡಿಕೆ ಜಗಿಯುತ್ತ, ಹಿಂದೆ ಬರುವವಳೊಡನೆ ಹರಟುತ್ತ, ಮಾಳಿಗೆಗೆ ಇಳಿಜಾರಾಗಿ ಹಾಕಿದ ಹಲಗೆ ಏರುವಳು. ಹೆಲ್ಮೆಟ್ ಹಾಕಿಕೊಳ್ಳಿ ಎಂದು ನಾನು ಬೆನ್ನು ಬಿದ್ದರೆ ನಗುವಳು. "ತಲೀ ಮ್ಯಾಲ ಒಂದ ಭಾರ ಸಾಕ್ರಿ ಸಾಹೇಬ್ರ. ಟೊಪಿಗಿ ನೀವ ಹಾಕ್ಕೋರಿ, ಅಂಜಾವ್ರು ನೀವು." ನನ್ನ ಉಡುಪಿ ಕನ್ನಡವೂ ಆಕೆಗೆ ತಮಾಷೆ. "ಪುಸ್ತಕ ಓದಿದಂಗ ಮಾತಾಡ್ತೀರಿ" ಎನ್ನುವಳು.

ಖಾಲಿ ಘಮೇಲಾ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುವಾಗ ಮಾತ್ರ ಆಕೆಯ ಬೆರಳು ಗೋಡೆ ಬಿಡುತ್ತಿರಲಿಲ್ಲ. ಕಾಲು ಅಗಲ ಅಗಲ ಇಡುತ್ತಿದ್ದಳು. ಕುಡಿದಿದ್ದಾಳೆ ಎಂದು ಕೂಲಿಗಳ ಮೇಸ್ತ್ರಿ ಮುಕಾದಮ ತೀರ್ಮಾನಿಸಿಬಿಟ್ಟಿದ್ದ. ನಾನು ಹತ್ತಿರ ಹೋಗಿ ನಿಂತೆ, ಎಲೆಯಡಿಕೆಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಕೇಳಿದ್ದಕ್ಕೆ ದನಿ ತಗ್ಗಿಸಿದಳು. "ಖಾಲಿ ಇದ್ರ ನೆಲಾನ ಅಳ್ಳಾಡಿದಂಗ ಆಗ್ತದ್ರಿ. ತಲೀ ಮ್ಯಾಲ ಭಾರ ಇದ್ರ ಏನೂ ಇಲ್ಲ. ಯಾರ ಮುಂದೂ ಹೇಳಬ್ಯಾಡ್ರಿ."

ರಜೆಯ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಪಾದ ಜೋಡಿಸಿ ನಿಲ್ಲಲು ಹೇಳಿದರು, ನಿಲ್ಲಲಾಗಲಿಲ್ಲ. "ಮೂಗು ಮುಟ್ಟಿ, ನನ್ನ ಬೆರಳು ಮುಟ್ಟಿ" ಎಂದರು, ಆಕೆಯ ಬೆರಳು ಅವರ ಬೆರಳನ್ನು ದಾಟಿ ಮುಂದೆ ಹೋಯಿತು. ಸ್ಕ್ಯಾನ್ ನೋಡಿದ ಮೇಲೆ ಅವರು ಮರಾಠಿಯಲ್ಲಿ ವಿವರಿಸಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ತಲೆಯ ಹಿಂಭಾಗದಲ್ಲಿ ಒಂದು ಕಿರುಮೆದುಳು ಇದೆ. ನಾವು ಒಂದು ಕಡೆ ವಾಲಿದರೆ, ನಮಗೆ ಗೊತ್ತಾಗುವ ಮೊದಲೇ ಕಾಲು, ಬೆನ್ನು ಬಿಗಿದು ನೆಟ್ಟಗಾಗುತ್ತವಲ್ಲ, ಎಷ್ಟು ಬೇಕೋ ಅಷ್ಟೇ ಬಿಗಿಯುವಂತೆ ನೋಡಿಕೊಳ್ಳುವುದು ಅದು. ನಿಮ್ಮದು ಸವೆಯುತ್ತಿದೆ. ಭಾರವಿದ್ದರೆ ಕೆಲವರಿಗೆ ಮೈ ಓಲಾಡದೆ ನಿಂತಂತೆ ಅನ್ನಿಸುತ್ತದೆ, ಆದರೆ ಒಮ್ಮೆ ವಾಲಿದರೆ ತಡೆಯಲಾಗದು. ಇನ್ನು ಎತ್ತರ ಹತ್ತಬಾರದು.

ನೀಲವ್ವ ತಲೆಯ ಹಿಂಭಾಗ ಸವರಿಕೊಂಡಳು. "ಹಂಗಾರ ಇಷ್ಟ ದಿನ ನನ್ನ ಹೊತ್ಕೊಂಡ ಅಡ್ಡಾಡಿದ್ದು ಇದೇನ್ರಿ? ಒಂದಿನಾನೂ ಅದರ ನೆನಪ ಮಾಡಲಿಲ್ಲ ನಾ."

ಅವತ್ತೇ ಆಕೆಯನ್ನು ಕೆಲಸದಿಂದ ಬಿಡಿಸಬೇಕಿತ್ತು. "ಈ ಬಿಲ್ಡಿಂಗ್ ಮುಗಿಯೂತನಕ ಇರಗೊಡ್ರಿ, ಕೂತ್ರ ಹಾಸಗಿ ಹಿಡೀತೀನಿ" ಎಂದು ಆಕೆ ಬೇಡಿಕೊಂಡಾಗ ನಾನು ಕರಗಿದೆ. ಮೊದಲ ಮಾಳಿಗೆಗಷ್ಟೇ ಹೊರಲಿ ಎಂದು ಒಪ್ಪಿದೆ. ಅಲ್ಲಿ ಗೋಡೆ ಕಟ್ಟುತ್ತಿದ್ದ ಗೌಂಡಿ ಮಹಾದೇವನಿಗೆ, "ಅಕ್ಕನಿಗೆ ಹುಷಾರಿಲ್ಲ, ಸ್ವಲ್ಪ ನೋಡಿಕೊಳ್ಳಿ" ಎಂದೆ. ಅಷ್ಟೇ ಹೇಳಿದೆ.

ಮೂರನೆಯ ದಿನ ನೀಲವ್ವ ಘಮೇಲಾ ಹೊತ್ತು ಹಲಗೆಯ ನಡುವೆ ಬಂದಿದ್ದಳು. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಮಹಾದೇವ ಎದುರಿನಿಂದ ಬಂದ. "ಅಕ್ಕಾ, ನೀ ಯಾಕ ಹೊರ್ತಿ, ಇತ್ತ ಕೊಡು" ಎಂದು ಎರಡೂ ಕೈಯಿಂದ ಘಮೇಲಾ ಎತ್ತಿಕೊಂಡು ತಿರುಗಿ ನಡೆದ. ಆಕೆಯ ಕೈ ಇಲ್ಲದ ಗೋಡೆಯನ್ನು ಹುಡುಕಿತು. ಮೈ ಈ ಕಡೆ ವಾಲಿತು, ಸರಿಪಡಿಸಿಕೊಳ್ಳಲು ಹೋಗಿ ಆ ಕಡೆ ಇನ್ನೂ ಹೆಚ್ಚು ವಾಲಿತು. ಹೇಗೋ ಮಂಡಿ ಮಡಿಸಿ ಕುಸಿದು ಕುಳಿತಳು. ಹಲಗೆಯ ಅಂಚನ್ನು ಬಿಗಿಯಾಗಿ ಹಿಡಿದು, ಕೂತಲ್ಲಿಂದಲೇ ಹಿಂದಕ್ಕೆ ಜರುಗಿ ಇಳಿದಳು. ಮಹಾದೇವ ಉಪಕಾರ ಮಾಡಿದ ಮುಖ ಹೊತ್ತು ಮೇಲೆ ನಿಂತಿದ್ದ. ಅವನದೇನು ತಪ್ಪು? ಹೇಳಬೇಕಾದ ಒಂದೇ ಮಾತನ್ನು ನಾನು ಹೇಳಿರಲಿಲ್ಲ.

ಆ ಸಂಜೆ ಕೆಲಸದ ಪಟ್ಟಿಯಿಂದ ಆಕೆಯ ಹೆಸರನ್ನು ನಾನೇ ತೆಗೆಸಿದೆ. "ನೀವು ಅಂಜಿ ನನ್ನ ಅನ್ನ ಕಸ್ಕೊಂಡ್ರಿ" ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ.

ಇಂಡಿಯಲ್ಲಿರುವ ಮಗಳ ಮನೆಗೆ ಹೋದಳು. ಎರಡು ಸಲ ಫೋನ್ ಮಾಡಿದೆ. ಅವ್ವ ಗ್ವಾಡಿ ಹಿಡಕೊಂಡ ಅಡ್ಡಾಡ್ತಾಳ ಎಂದಳು ಮಗಳು. ಮೂರನೆಯ ಸಲದಿಂದ ಆ ನಂಬರು ಹತ್ತುತ್ತಿಲ್ಲ. ನೀಲವ್ವ ಬಿದ್ದಳೋ, ಇದ್ದಾಳೋ ನನಗೆ ಗೊತ್ತಿಲ್ಲ. ಯಾರನ್ನು ಕೇಳಬೇಕೆಂದೂ ಗೊತ್ತಿಲ್ಲ.

ಆಕೆ ಹೊರಟ ದಿನ ಗಂಟುಮೂಟೆಯನ್ನು ಮೊದಲೇ ರಿಕ್ಷಾದಲ್ಲಿ ಇಟ್ಟಾಗಿತ್ತು. ಗೇಟಿನಿಂದ ರಿಕ್ಷಾಕ್ಕೆ ಮೂವತ್ತು ಹೆಜ್ಜೆ, ದಾರಿ ತುಂಬ ಜಲ್ಲಿ, ಪಕ್ಕದಲ್ಲೇ ಹಿಂದಕ್ಕೆ ಬರುತ್ತಿದ್ದ ಲಾರಿ. ನಾನು ಹೆಗಲು ಕೊಟ್ಟೆ. ಈಕೆ ಜಾರಿದರೆ ನನ್ನಿಂದ ತಡೆಯಲಾದೀತೇ ಎಂದು ನನ್ನ ಕಾಲೇ ನಡುಗತೊಡಗಿತು. ಅರ್ಧ ದಾರಿಯಲ್ಲಿ ನೀಲವ್ವ ನಿಂತು ನನ್ನ ಮುಖ ನೋಡಿದಳು. ಹೆಗಲ ಮೇಲಿದ್ದ ಕೈಯನ್ನು ಇನ್ನಷ್ಟು ಬಿಗಿ ಮಾಡಿದಳು.

"ಅಂಜಬ್ಯಾಡ್ರಿ ಸಾಹೇಬ್ರ," ಎಂದಳು, "ನಾ ಹಿಡಕೊಂಡೀನಲ್ಲ."