ಮೊರ ಕೇಳಿ ಬಂದವಳು

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಪಾತ್ರೆಗಳ ಹಿಂದೆ ಒಂದು ಬಿದಿರಿನ ಮೊರ ಸಿಕ್ಕಿತು. ಅಂಚಿಗೆ ನಮ್ಮ ಗೌರಿ ಹಬ್ಬದ ಅರಿಸಿನ, ನಡುವೆ ನಮ್ಮದಲ್ಲದ ಕೇಸರಿ ಸಿಂಧೂರ. ಮೂಗಿಗೆ ಹಿಡಿದೆ. ತುಪ್ಪ, ಬೆಲ್ಲದ ವಾಸನೆ ಇನ್ನೂ ಇತ್ತೋ, ನನಗೇ ಹಾಗೆನಿಸಿತೋ… ಮಹಡಿ ಮನೆಯವಳು ಕಣ್ಣ ಮುಂದೆ ಬಂದು ನಿಂತಳು.

ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಊರು ನಮ್ಮದು. ರಾಗಿ ಹೊಲಗಳಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೆ ಬೀದಿಯ ಮಾತೇ ಬದಲಾಯಿತು. ಹಿಟ್ಟಿನ ಗಿರಣಿಯಲ್ಲಿ ರಾಗಿಗಿಂತ ಹುರಿದ ಕಡಲೆಯ ಘಮವೇ ಜಾಸ್ತಿಯಾಯಿತು. ಊರವರಿಗೆ ಉತ್ತರದ ಕಡೆಯಿಂದ ದುಡಿಯಲು ಬಂದ ಇವರ ಬಾಡಿಗೆ ಬೇಕಿತ್ತು, ಇವರು ಬೇಡವಾಗಿದ್ದರು. ಗುಡಿ ಸಮಿತಿಯ ಹಿರಿಯರಾಗಿದ್ದ ನಮ್ಮ ಮಾವನವರಿಗಂತೂ ಮೂಗಿನ ತುದಿಯಲ್ಲೇ ಸಿಟ್ಟು.

ಮಹಡಿ ಮನೆಯವಳು ಬಿಹಾರದವಳು. ಗಂಡ ಲೇತ್ ಮೆಷಿನ್ ಕೆಲಸಕ್ಕೆ ಹೋಗುತ್ತಿದ್ದ, ಇವಳು ಗಾರ್ಮೆಂಟ್ಸ್‌ಗೆ. ಆ ವರ್ಷ ಅವಳ ಮಗು ಜ್ವರದಲ್ಲಿ ಸತ್ತು ಬದುಕಿತ್ತು. ದೀಪಾವಳಿ ಕಳೆದು ಬರುವ ಅವರ ಛಠ್ ಹಬ್ಬಕ್ಕೆ ಹನಿ ನೀರೂ ಕುಡಿಯದೆ ಉಪವಾಸವಿದ್ದು, ನೀರಲ್ಲಿ ನಿಂತು ಸೂರ್ಯನಿಗೆ ಅರ್ಘ್ಯ ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ಗುಡಿಯ ಹಿಂದಿನ ಕಲ್ಯಾಣಿಯಲ್ಲಿ ಪೂಜೆ ಮಾಡಲು ಒಪ್ಪಿಗೆ ಕೊಡಿಸಿ ಎಂದು ನನ್ನನ್ನು ಕೇಳಿದಳು. ನಾನು ಮಾವನವರಿಗೆ ಹೇಳಿದೆ. ಎಂಥ ಪೂಜೆ ಎಂದೂ ಕೇಳದೆ, ಹೊರಗಿನವರ ಪೂಜೆ ಇಲ್ಲಿ ಬೇಡವೇ ಬೇಡ ಎಂದುಬಿಟ್ಟರು.

ಅವಳು ಮತ್ತೆ ಕೇಳಲಿಲ್ಲ. ದಿನಾ ಕೆಲಸದಿಂದ ಬಂದವಳೇ ಸೀರೆ ಎತ್ತಿ ಕಟ್ಟಿ, ಪೊರಕೆ ಕುಡುಗೋಲು ಹಿಡಿದು ಕಲ್ಯಾಣಿಗೆ ಇಳಿಯುತ್ತಿದ್ದಳು. ಪ್ಲಾಸ್ಟಿಕ್ ಕವರು, ಬಾಟಲಿ, ನಾವೇ ತಂದು ಬಿಸಾಕಿದ್ದ ಒಡೆದ ದೇವರ ಫೋಟೋಗಳು… ಎಲ್ಲ ಮೇಲೆ ಬಂದವು. ಬಿಟ್ಟಿ ಕ್ಲೀನ್ ಆಗುತ್ತಿದೆ, ಆಗಲಿ ಬಿಡು ಎಂದು ಮಾವನವರು ಸುಮ್ಮನಿದ್ದರು. ಹಬ್ಬ ಹತ್ತಿರ ಬಂದಾಗ ಅವಳು ಅರ್ಘ್ಯದ ಹಣ್ಣಿಡಲು ಮೊರ ಕೇಳಿಕೊಂಡು ಬಂದಳು. ಗೌರಿ ಹಬ್ಬ ಮುಗಿದ ಮೇಲೆ ಅಂಗಡಿಯಲ್ಲಿ ಮೊರ ಎಲ್ಲಿ ಸಿಗಬೇಕು? ನನಗೆ ಬಾಗಿನದಲ್ಲಿ ಬಂದಿದ್ದ ಮೊರವನ್ನೇ ಕೊಟ್ಟೆ.

ಹಬ್ಬದ ದಿನ ಗಂಡನಿಗೆ ರಜೆ ಸಿಗಲಿಲ್ಲ. ಮಗುವನ್ನು ನನ್ನ ಕೈಗಿತ್ತು ಒಬ್ಬಳೇ ಹೋದಳು. ಸಂಜೆ ಕಲ್ಯಾಣಿಯ ಕಡೆಯಿಂದ ಮಾವನವರ ಕೂಗು ಕೇಳಿ, ಮಗುವನ್ನು ಎತ್ತಿಕೊಂಡೇ ಓಡಿದೆ. ನೋಡಿದರೆ ಅವಳು ಸೊಂಟದ ಮಟ್ಟ ನೀರಲ್ಲಿ ನಿಂತಿದ್ದಾಳೆ. ಪಂಚೆ ಸಮೇತ ಇಳಿದ ಮಾವನವರು ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದಾರೆ.

"ನಾನು ಬ್ಯಾಡ ಅಂದಿದ್ಕೆ ಜೀವ ಕಳ್ಕೊಳ್ಳೋದೇನಮ್ಮ? ಮಗೀನ ಮಕ ನೋಡು," ಎನ್ನುತ್ತಿದ್ದರು.

ಅವಳ ಮೂಗಿನಿಂದ ಬೈತಲೆಯವರೆಗೆ ಸಿಂಧೂರ, ಕೈಯಲ್ಲಿ ಕಬ್ಬು, ಬಾಳೆಹಣ್ಣು ತುಂಬಿದ ನನ್ನ ಮೊರ. ಒಂದು ಹೆಜ್ಜೆಯೂ ಕದಲಲಿಲ್ಲ.

"ಬಾಬೂಜಿ, ಸೂರ್ಯ ಮುಳುಗಲಿ. ಆಮೇಲೆ ಬರ್ತೀನಿ. ಈಗ ಬರಲ್ಲ."

ಅದು ಹರಕೆ ಎಂದು ನಾನು ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದೆ. ಮಾವನವರು ಮೊರವನ್ನು ನೋಡಿದರು, ನನ್ನ ಕಂಕುಳಲ್ಲಿದ್ದ ಮಗುವನ್ನು ನೋಡಿದರು. ಹಿಡಿದ ರಟ್ಟೆ ಬಿಡಲಿಲ್ಲ, ಎಳೆಯುವುದನ್ನು ಮಾತ್ರ ನಿಲ್ಲಿಸಿದರು.

"ಪಾಚಿ ಜಾರ್ತದೆ. ನೀನು ಬರೋಗಂಟ ನಾನೂ ಇಲ್ಲೇ ನಿಂತಿರ್ತೀನಿ," ಎಂದರು.

ಹಾಗೇ ನಿಂತರು, ಕಾರ್ಖಾನೆಗಳ ತಗಡಿನ ಹಿಂದೆ ಸೂರ್ಯ ಪೂರ್ತಿ ಇಳಿಯುವವರೆಗೆ. ಮರುದಿನ ನಸುಕಿನ ಅರ್ಘ್ಯಕ್ಕೂ ಟಾರ್ಚ್ ಹಿಡಿದು ಅವರೇ ಮುಂದೆ ಹೋದರು. ಅವಳು ಕೊಟ್ಟ ಗೋಧಿ ಬೆಲ್ಲದ ಠೇಕುವಾ ಕಡಿದು, ಹಲ್ಲು ಹೋಗುತ್ತೆ ಎಂದು ಬೈದು, ಇನ್ನೊಂದು ಕೇಳಿದರು. ಮರುವರ್ಷ ಕಲ್ಯಾಣಿಯ ತುಂಬ ಅವಳ ಕಡೆಯ ಹೆಂಗಸರು. ನಮ್ಮವರೂ ಎಷ್ಟೋ ಕಾಲದ ಮೇಲೆ ಗೌರಿಯನ್ನು ಅಲ್ಲೇ ಬಿಟ್ಟರು.

ಆಮೇಲೆ ಅವಳ ಗಂಡನ ಕಾರ್ಖಾನೆ ಮುಚ್ಚಿತು. ಮೊರ ತೊಳೆಯದೆಯೇ ನನ್ನ ಕೈಗಿತ್ತು ಊರು ಬಿಟ್ಟು ಹೋದಳು. ಈಗ ಅವಳ ಫೋನ್ ಹತ್ತುವುದಿಲ್ಲ, ಮಾವನವರೂ ಇಲ್ಲ… ಇಬ್ಬರೂ ಇಲ್ಲದ ಬೀದಿ ನನಗಿನ್ನೂ ಒಗ್ಗಿಲ್ಲ.

ಕಲ್ಯಾಣಿಯಲ್ಲಿ ಮತ್ತೆ ಕಸ ತುಂಬಿದೆ. ಅದನ್ನು ಮುಚ್ಚಿಸಿ ಕಾರು ನಿಲ್ಲಿಸೋಣ ಎಂಬ ಮಾತು ಸಮಿತಿಯಲ್ಲಿ ಬಂದಿದೆ. ಸಭೆಯಲ್ಲಿ ನಾನೇ ಎದ್ದು ಆಗುವುದಿಲ್ಲ ಎಂದೆ. ನಾಳೆಯಿಂದ ಪೊರಕೆ ಹಿಡಿದು ನಾನೇ ಇಳಿಯುತ್ತೇನೆ, ಬರುವವರು ಬರಲಿ. ಮೊರವನ್ನು ಒರೆಸಿ ಬಿಸಿಲಿಗಿಟ್ಟಿದ್ದೇನೆ. ಈ ಸಲ ಕೇಳಿಕೊಂಡು ಬರುವವಳು ಅವಳಲ್ಲ, ಗೊತ್ತು. ಯಾರೇ ಬರಲಿ, ನಿಲ್ಲಲು ನೀರಿರಬೇಕು.