"ಯಾವ ತಳಿ?" ಎನ್ನುತ್ತಿದ್ದ ಅಕ್ಕ

ಸುಗಟೂರಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಟೊಮೆಟೊ ಬೆಳೆಯುತ್ತಿದ್ದರು. ಸಸಿಯಿರಲಿ, ಹಸುವಿರಲಿ, ನೆಂಟರು ತಂದ ಬಾಳೆಹಣ್ಣೇ ಇರಲಿ, ಸೊಂಟಕ್ಕೆ ಕೈಯಿಟ್ಟು ಮೊದಲು ಕೇಳುತ್ತಿದ್ದದ್ದು ಒಂದೇ: "ಯಾವ ತಳಿ?"

ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಅವರಿಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಕೋಲಾರದ ಆಸ್ಪತ್ರೆಗೆ ನಾನೇ ಜೊತೆಗೆ ಹೋಗಿದ್ದೆ. ವರದಿ ನೋಡಿದ ಡಾಕ್ಟರಮ್ಮ ಗರ್ಭಕೋಶದ ಕ್ಯಾನ್ಸರ್ ಎಂದರು. ಅಕ್ಕ ಸೊಂಟಕ್ಕೆ ಕೈಯಿಟ್ಟರು.

"ಯಾವ ತಳಿ, ಡಾಕ್ಟ್ರಮ್ಮ?"

ಡಾಕ್ಟರಮ್ಮ ವರದಿಯನ್ನು ಮತ್ತೊಮ್ಮೆ ನೋಡಿದರು. "ಗರ್ಭಕೋಶದ ಸ್ನಾಯುವಿಗೆ ಬರೋದು ಒಂದು, ಒಳಪದರಕ್ಕೆ ಬರೋದು ಇನ್ನೊಂದು. ನಿಮ್ದು ಒಳಪದರದ್ದು. ಅದ್ರಲ್ಲೂ ಬೇಗ ಹಬ್ಬೋದಿದೆ, ನಿಧಾನಕ್ಕೆ ಬೆಳೆಯೋದಿದೆ. ನಿಮ್ದು ನಿಧಾನದ್ದು."

"ಅಂಗಂದ್ರೆ ನಾಟಿ, ಹೈಬ್ರಿಡ್ ಅಲ್ಲ. ಬುಡಸಮೇತ ಕಿತ್ತಾಕಿ."

ಶಸ್ತ್ರಚಿಕಿತ್ಸೆ ಮಾಡಿ ಗರ್ಭಕೋಶ ತೆಗೆದರು. ಮೂರು ತಿಂಗಳಲ್ಲಿ ಅಕ್ಕ ಮತ್ತೆ ತೋಟಕ್ಕಿಳಿದರು. ಒಂದು ದಿನ ಕೋಲಾರದ ಬಸ್ಸಿನಲ್ಲಿ ಎದ್ದು ನಿಂತು, "ಮುಟ್ಟು ನಿಂತ್ಮೇಲೆ ರಕ್ತ ಹೋದ್ರೆ ಮುಚ್ಚಿಕ್ಕಬೇಡ್ರಮ್ಮ, ತೋರಿಸ್ಕೊಳ್ಳಿ!" ಎಂದು ಸಾರಿದರು. ಕಂಡಕ್ಟರ್ ನಾಚಿಕೊಂಡು ಟಿಕೆಟ್ ಕೊಡುವುದನ್ನೇ ಮರೆತ. ಬಸ್ಸಿಗೆ ಬಸ್ಸೇ ನಕ್ಕಿತು.

ನನ್ನ ಪಕ್ಕ ಕೂತಿದ್ದ ನಮ್ಮಮ್ಮ ಮಾತ್ರ ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ, "ನಾಳೆ ನನ್ನೂ ಆ ಡಾಕ್ಟ್ರಮ್ಮನ ಹತ್ರ ಕರ್ಕೊಂಡೋಗ್ತೀಯಾ?" ಎಂದಳು.