ದಸ್ತಗೀರ್ ಸಾಬರ ಸೀರೆ ಕಾರು

ದೊಡ್ಡಬಳ್ಳಾಪುರದಲ್ಲಿ ಕಾರಿಗೆ ಪೆಟ್ಟು ಬಿದ್ದರೆ ಜನ ಮೊದಲು ಇನ್ಶೂರೆನ್ಸಿನವರಿಗೆ ಫೋನ್ ಮಾಡುತ್ತಾರೆ, ಆಮೇಲೆ ಹೆಂಡತಿಗೆ. ಎರಡೂ ಕಡೆ ಬೈಸಿಕೊಂಡು ಮುಗಿದ ಮೇಲೆ ನೂರ್ ಅಹಮದನ ಶೆಡ್ಡಿಗೆ ಬರುತ್ತಾರೆ. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಹೊಂಗೆ ಮರದ ಹಿಂದೆ ಅವನ ತಗಡಿನ ಶೆಡ್ಡು. ಬೋರ್ಡಿಲ್ಲ. ಯಾಕಯ್ಯಾ ಬೋರ್ಡಿಲ್ಲ ಅಂದರೆ, "ಸುತ್ತಿಗೆ ಸದ್ದು ಕೇಳಿಸಲ್ವಾ?" ಅನ್ನುತ್ತಾನೆ. ಐವತ್ತು ದಾಟಿದ ಈ ಮನುಷ್ಯನಿಗೆ ನಯವಾಗಿ ಮಾತಾಡಿ ಗೊತ್ತಿಲ್ಲ. ನಂಬುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಟಿಂಕರಿಂಗ್ ಅವನಿಗೆ ಅಪ್ಪನಿಂದ ಬಂದ ಕಸುಬು. ಅಪ್ಪ ದಸ್ತಗೀರ್ ಸಾಬರು ಮರಳಿನ ಮೂಟೆಯ ಮೇಲೆ ತಗಡು ಹಾಸಿ, ಮರದ ಕೊಡತಿಯಿಂದ ಬಡಿದು ಬಡಿದು ಮಡ್‌ಗಾರ್ಡನ್ನೇ ಎಬ್ಬಿಸುತ್ತಿದ್ದರು. ತಗ್ಗಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಲಾರಿ ಕ್ಯಾಬಿನ್ನು, ಬಸ್ಸಿನ ಬಾಡಿ, ಜೀಪಿನ ಬಾನೆಟ್ಟು ಅಂತ ಜೀವಮಾನವೆಲ್ಲ ಬಡಿದರು. ಲಾರಿ ಬಸ್ಸುಗಳು ಎಷ್ಟು ದಿನ ಬಾಳಿಯಾವು? ಎಲ್ಲವೂ ಒಂದೊಂದಾಗಿ ಗುಜರಿಗೆ ಹೋದವು. ಅಪ್ಪ ಸತ್ತ ಮೇಲೆ ನೂರ್ ಅಹಮದನಿಗೆ ಇದೊಂದು ಕೊರಗು ಉಳಿದುಕೊಂಡಿತ್ತು. ಅಷ್ಟು ದೊಡ್ಡ ಕೆಲಸಗಾರನ ಕೈಕೆಲಸ ಇದು ಅಂತ ಬೆರಳಿಟ್ಟು ತೋರಿಸಲು ಊರಲ್ಲಿ ಒಂದು ತುಂಡು ತಗಡೂ ಇರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಯೋಗಾನಂದ ಸ್ಕೂಟರ್ ಓಡಿಸಿಕೊಂಡು ಬಂದ. ಯೋಗಾನಂದ ಅಂದರೆ ಹಿಂದಿನ ಬೀದಿಯ ಪವರ್‌ಲೂಮ್ ಮನೆಯವನು. ನೂರ್ ಅಹಮದನ ಜೊತೆ ಒಂದೇ ಬೆಂಚಿನಲ್ಲಿ ಕೂತು ಫೇಲಾದವನು. ಇವರಿಬ್ಬರ ಸ್ನೇಹ ಊರಿಗೇ ಗೊತ್ತು.

"ಲೇ ನೂರಿ, ಸೀರೆ ಕಾರು ಸಿಕ್ತು ಕಣ್ಲಾ."

ಸೀರೆ ಕಾರಿನ ಕಥೆ ಹೇಳಲೇಬೇಕು. ಯೋಗಾನಂದನ ತಾತ ಹನುಮಂತಯ್ಯ ಹಳ್ಳಿ ಹಳ್ಳಿಗೆ ಸೀರೆ ಮಾರುತ್ತಿದ್ದವರು. ಗಂಟು ಕಟ್ಟಿದರೆ ಮಡಿಕೆ ಬೀಳುತ್ತದೆ ಅಂತ ಅವರಿಗೆ ಸಂಕಟ. ಒಂದು ಹಳೇ ಲ್ಯಾಂಡ್‌ಮಾಸ್ಟರ್ ಕಾರು ಕೊಂಡು ತಂದು ದಸ್ತಗೀರ್ ಸಾಬರ ಮುಂದೆ ನಿಲ್ಲಿಸಿ, "ಹೆಂಗಸರು ಹೊರಗೇ ನಿಂತು ಸೀರೆ ನೋಡೋ ಹಾಗೆ ಮಾಡ್ಕೊಡಪ್ಪ" ಅಂದರಂತೆ. ಸಾಬರು ಡ್ರೈವರ್ ಸೀಟಿನ ಹಿಂದಿದ್ದುದನ್ನೆಲ್ಲ ಕತ್ತರಿಸಿ ಬಿಸಾಕಿ, ಹೊಸ ಬಾಡಿ ಎಬ್ಬಿಸಿದರು. ಎರಡು ಕಡೆಯೂ ಅಂಗಡಿಯ ಷೋಕೇಸಿನಷ್ಟು ದೊಡ್ಡ ಗಾಜು, ಒಳಗೆ ಸೀರೆ ತೂಗುಹಾಕಲು ಹಿತ್ತಾಳೆಯ ಸರಳು, ಮೂಲೆಗಳೆಲ್ಲ ತುಂಬುಗೆನ್ನೆಯಂತೆ ದುಂಡಗೆ. ಅಂಥ ಕಾರು ಇನ್ನೊಂದು ಹುಟ್ಟಲಿಲ್ಲ. ಹನುಮಂತಯ್ಯನವರ ಕಡೆಗಾಲದಲ್ಲಿ ಅದು ಸಾಸಲು ಅನ್ನುವ ಹಳ್ಳಿಯ ಹತ್ತಿರ ಕೆಟ್ಟು ನಿಂತಿತು. ಆ ಹಳ್ಳಿಯ ಪರಿಚಯದ ರೈತ ಹನುಮಂತರಾಯಪ್ಪನ ಕೊಟ್ಟಿಗೆಗೆ ತಳ್ಳಿಟ್ಟು ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ, ಅದೂ ಗುಜರಿಗೆ ಹೋಯಿತು ಅಂತಲೇ ಊರು ತಿಳಿದಿತ್ತು.

ಈಗ ಹನುಮಂತರಾಯಪ್ಪ ಕೊಟ್ಟಿಗೆ ಕೆಡವುತ್ತಿದ್ದ. ಗುಜರಿಯವನನ್ನು ಕರೆಯುವ ಮುಂಚೆ ಒಂದು ಮಾತು ಹೇಳಿಕಳಿಸಿದ್ದ, ಪುಣ್ಯಾತ್ಮ. ಇಬ್ಬರೂ ಸಾಸಲಿಗೆ ಹೋದರು. ಕಾರಿನೊಳಗೆ ಕೋಳಿಗಳು ಕಾವಿಗೆ ಕೂತಿದ್ದವು. ಗಾಜು ಪುಡಿ, ಟೈರು ಮಣ್ಣು, ನೆಲದ ತಗಡು ಹಪ್ಪಳದ ಹಾಗೆ ಕಾಲಿಗೆ ಮುರಿಯುತ್ತಿತ್ತು. ನೂರ್ ಅಹಮದ್ ಬಗ್ಗಿ ಹಿಂದಿನ ಮಡ್‌ಗಾರ್ಡಿನ ಒಳಮೈಗೆ ಕೈ ಹಾಕಿದ. ಹೊರಗೆ ತುಕ್ಕು ಹಿಡಿದಿದ್ದರೂ ಒಳಗೆ ಅಪ್ಪನ ಕೊಡತಿಯ ಗುರುತುಗಳು ಬೆರಳಿಗೆ ಒಂದೊಂದಾಗಿ ತಾಗಿದವು. ಹನುಮಂತರಾಯಪ್ಪನ ಮುಂದೆ, ಕೋಳಿಗಳ ಮುಂದೆ, ಅವನು ಅತ್ತುಬಿಟ್ಟ.

"ಅಳ್ಬೇಡ ಬಾರೋ," ಅಂದ ಯೋಗಾನಂದ. "ನಮ್ಮ ಗಾಡಿ ಕಣೋ ಇದು. ಗುಜರಿಗೆ ಬಿಡ್ತೀವಾ?"

"ನಾನು ಎಬ್ಬಿಸ್ತೀನಿ. ಆದ್ರೆ ಯೋಗ, ರೆಡಿಯಾದ್ಮೇಲೆ ಊರಲ್ಲೇ ಇರ್ಬೇಕು. ನಂಗೆ ಇನ್ನೇನೂ ಬೇಡ."

"ಇನ್ನೆಲ್ಲಿಗ್ ಹೋಗುತ್ತೆ? ನಮ್ಮ ಗಾಡಿ ನಮ್ಮೂರಲ್ಲೇ ಇರುತ್ತೆ."

ಮನೆಯಲ್ಲಿ ಹೆಂಡತಿ ಶಂಶುನ್ನೀಸಾ ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಟ್ರ್ಯಾಕ್ಟರಿನಲ್ಲಿ ಬಂದಿಳಿದ ಅಸ್ಥಿಪಂಜರವನ್ನು ನೋಡಿ, "ಕಿಸ್ಕಿ ಗಾಡಿ ಜೀ?" ಅಂದಳು. ಯಾರದು ಅಂತ.

"ಅಪ್ನೀಚ್," ಅಂದ ನೂರ್ ಅಹಮದ್. ನಮ್ಮದೇ ಅಂತ.

"ಉನೆ ಬೋಲ್ಯಾ ಕ್ಯಾ?" ಹಾಗಂತ ಯೋಗಾನಂದ ಹೇಳಿದನೇ ಅಂತ ಅವಳ ಪ್ರಶ್ನೆ. ಹೌದು, ಅವನೇ ಹೇಳಿದ್ದು ಅಂದ ಗಂಡ, ಎದೆಯುಬ್ಬಿಸಿ.

ಎಡವಟ್ಟಾದದ್ದು ಇಲ್ಲೇ. ಅವರ ಮನೆಯ ದಖ್ಖನಿ ಉರ್ದುವಿನಲ್ಲಿ ಎರಡು ಮಾತುಗಳಿವೆ. ಅಪ್ನಾ ಅಂದರೆ ನಿನ್ನದೂ ನನ್ನದೂ ಸೇರಿದ್ದು. ಹಮಾರಾ ಅಂದರೆ ನಮ್ಮದು, ನೀನು ಆಚೆ. ಯೋಗಾನಂದನ ಮನೆ ಮಾತು ತೆಲುಗು. ಅಲ್ಲಿಯೂ ಹಾಗೇ. ಮನ ಅಂದರೆ ನೀನೂ ಸೇರಿ ನಮ್ಮದು, ಮಾ ಅಂದರೆ ನಿನ್ನನ್ನು ಬಿಟ್ಟು. ಇವರಿಬ್ಬರೂ ಚಿಕ್ಕಂದಿನಿಂದ ಮಾತಾಡಿಕೊಂಡದ್ದು ಮಾತ್ರ ಕನ್ನಡದಲ್ಲಿ. ನಮ್ಮ ಕನ್ನಡವೋ ಧಾರಾಳಿ, ಎಲ್ಲದಕ್ಕೂ ಒಂದೇ 'ನಮ್ಮ' ಕೊಟ್ಟು ಕೈ ತೊಳೆದುಕೊಂಡಿದೆ. ಯೋಗಾನಂದ ಅಂದ ಆ 'ನಮ್ಮ'ವನ್ನು ನೂರ್ ಅಹಮದ್ ನೇರ ತನ್ನ ಮನೆಯ 'ಅಪ್ನಾ' ಮಾಡಿಕೊಂಡ. ಕೇಳಬೇಕು ಅಂತ ಅನ್ನಿಸಲೇ ಇಲ್ಲ. ಯೋಗಾನಂದನ ತಾಯಿ ಗಂಗಲಕ್ಷ್ಮಮ್ಮ ಅವನನ್ನು ಕರೆಯುತ್ತಿದ್ದುದೇ "ಮನ ನೂರು" ಅಂತ. ಆಕೆ ಕಲಸಿ ಕೊಟ್ಟ ತುತ್ತು ತಿಂದು ತೆಲುಗು ಕಲಿತವನು ಅವನು.

ಆಮೇಲೆ ಶುರುವಾಯಿತು ನೋಡಿ ಹುಚ್ಚು. ಗಿರಾಕಿಗಳ ಕಾರನ್ನೆಲ್ಲ ಮರದಡಿಗೆ ತಳ್ಳಿ, ಶೆಡ್ಡನ್ನು ಪೂರ್ತಿ ಸೀರೆ ಕಾರಿಗೆ ಬಿಟ್ಟುಕೊಟ್ಟ. ಬಿಗಿದುಕೊಂಡಿದ್ದ ಇಂಜಿನ್ನಿಗೆ ಡೀಸೆಲ್ ಕುಡಿಸಿ ಕುಡಿಸಿ, ವಾರಗಟ್ಟಲೆ ಮಗುವನ್ನು ಒಲಿಸಿಕೊಳ್ಳುವಂತೆ ಒಲಿಸಿಕೊಂಡ. ಬೆಂಗಳೂರಿನ ಗುಜರಿ ಅಂಗಡಿಗಳನ್ನು ಜಾಲಾಡಿ ಬಾಗಿಲ ಹಿಡಿ ತಂದ. ತಿಂದುಹೋದ ತಗಡನ್ನು ಕತ್ತರಿಸಿ, ಅಪ್ಪನ ಮೂಟೆಗೆ ಹೊಸ ಮರಳು ತುಂಬಿ, ಅಪ್ಪನದೇ ಕೊಡತಿಯಲ್ಲಿ ಬಡಿದ. ಅಪ್ಪನ ತಗಡಿಗೂ ತನ್ನ ತಗಡಿಗೂ ಬೆಸುಗೆ ಹಾಕಿದ ಕಡೆ ಕಣ್ಣುಮುಚ್ಚಿ ಕೈಯಾಡಿಸಿದರೆ ಯಾವುದು ಯಾರದು ಅಂತ ತಿಳಿಯಬಾರದು. ತಿಳಿದರೆ ಬಿಚ್ಚಿ ಮತ್ತೆ ಬಡಿಯುತ್ತಿದ್ದ. ಗಿರಾಕಿಗಳು ಬೈದು ಬೇರೆ ಶೆಡ್ಡಿಗೆ ಹೋದರು. ಹೋಗಲಿ ಬಿಡು ಅಂದ.

ಯೋಗಾನಂದ ಸಂಜೆ ಮಗ್ಗ ನಿಲ್ಲಿಸಿ ದಿನಾ ಬರುತ್ತಿದ್ದ. ಹಳೇ ಟೈರಿನ ಮೇಲೆ ಕೂತು ಟಾರ್ಚ್ ಹಿಡಿಯುತ್ತಿದ್ದ, ಟೀ ತರಿಸುತ್ತಿದ್ದ, ಸೂರತ್ ಸೀರೆ ಬಂದು ತನ್ನ ಮಗ್ಗಗಳ ಬಾಯಿಗೆ ಮಣ್ಣು ಹಾಕಿದ್ದನ್ನು ಹೇಳಿಕೊಳ್ಳುತ್ತಿದ್ದ. ನೂರ್ ಅಹಮದನಿಗೆ ಆ ಸಂಜೆಗಳೇ ಸುಖ. ಅಪ್ಪನೂ ಸಿಕ್ಕಿದ, ಗೆಳೆಯನೂ ಪಕ್ಕದಲ್ಲಿದ್ದಾನೆ, ಮನುಷ್ಯನಿಗೆ ಇನ್ನೇನು ಬೇಕು ಅಂದುಕೊಂಡಿದ್ದ.

ಯುಗಾದಿಗೆ ಮುಂಚಿನ ಭಾನುವಾರ ಕಾರು ರಸ್ತೆಗಿಳಿಯಿತು. ಎಲೆಹಸಿರು ಬಣ್ಣ, ಗಾಜಿನೊಳಗೆ ಗಂಗಲಕ್ಷ್ಮಮ್ಮ ತನ್ನ ಧಾರೆ ಸೀರೆಯನ್ನೇ ತಂದು ತೂಗುಹಾಕಿದ್ದಳು. ಬಸ್ ನಿಲ್ದಾಣದವರೆಗೂ ಜನ ಹಿಂದೆ ಹಿಂದೆ ನಡೆದರು. ಮುದುಕಿಯರು ಗಾಜು ಮುಟ್ಟಿ ನೋಡಿ, "ಅದೇ ಅಲ್ವೇನೇ" ಅಂದುಕೊಂಡರು. ನೂರ್ ಅಹಮದನ ಮಗಳು ಸುಮೇರಾ ಫೋನಿನಲ್ಲಿ ವಿಡಿಯೋ ಮಾಡಿ, ಅಜ್ಜ ಕಟ್ಟಿದ ಕಾರು ಅಂತ ಬರೆದು ಹಾಕಿದಳು. ಅದು ಎಲ್ಲೆಲ್ಲೋ ಓಡಾಡಿ ಯಾರ ಯಾರ ಕಣ್ಣಿಗೋ ಬಿತ್ತು.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ನೂರ್ ಅಹಮದ್ ಯೋಗಾನಂದನ ಮನೆಗೆ ಹೋದ. ಕಾರಿಗೆ ಹೊದಿಸಲು ಬಟ್ಟೆ ಹೊಲಿಸಬೇಕಿತ್ತು, ಅಳತೆ ಮಾತಾಡಲು. ಒಳಗೆ ಮಗ್ಗಗಳು ಕಿವಿ ಕಿತ್ತುಹೋಗುವಂತೆ ಬಡಿಯುತ್ತಿದ್ದವು. ಗಂಗಲಕ್ಷ್ಮಮ್ಮ ನಡುಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ಯೋಗಾನಂದ ಮಗ್ಗದ ಕೋಣೆಯಲ್ಲಿ ಫೋನ್ ಹಿಡಿದು, ಆ ಸದ್ದಿನ ಮೇಲೆ ಗಂಟಲು ಹರಿದುಕೊಳ್ಳುತ್ತಿದ್ದ. ಅಷ್ಟರಲ್ಲಿ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಕೂಗುತ್ತಿದ್ದ ಯೋಗಾನಂದ ದನಿ ಇಳಿಸುವುದರೊಳಗೆ ಮಾತು ಮನೆ ತುಂಬ ಕೇಳಿಸಿತು.

"ಲೇದಂಡಿ, ಇಂಕೆವರಿಕೀ ಪಾಲು ಲೇದು. ಅದಿ ಮಾ ಬಂಡಿ. ಚೇಸಿನವಾಡಾ? ವಾಡು ಟಿಂಕರಂಡಿ. ಕೂಲಿಕಿ ಚೇಸಾಡು."

ಇನ್ಯಾರಿಗೂ ಪಾಲಿಲ್ಲ. ಮಾಡಿದವನೇ? ಅವನು ಟಿಂಕರು, ಕೂಲಿಗೆ ಮಾಡಿದ. ಇಷ್ಟು ಸಾಲದೇ? ಆದರೆ ನೂರ್ ಅಹಮದನ ಎದೆಗೆ ನಾಟಿದ್ದು ನಡುವಿನ ಆ ಎರಡು ಮಾತು. ಮಾ ಬಂಡಿ. ಮನ ಬಂಡಿ ಅಲ್ಲ. ಕೊಟ್ಟಿಗೆಯಲ್ಲಿ, ಟೈರಿನ ಮೇಲೆ, ಅಷ್ಟು ಸಂಜೆ ಅಂದ 'ನಮ್ಮ'ದ ಒಳಗೆ ಇದ್ದದ್ದು ಇದೇ ಅನ್ನುವುದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು. ನಂಬಿಸಿ ಕತ್ತು ಕೊಯ್ದರು ಅಂತ ಜನ ಹೇಳುವುದನ್ನು ಅವನು ಬೇಕಾದಷ್ಟು ಸಲ ಕೇಳಿದ್ದ. ಕೊಯ್ದಾಗ ಎಷ್ಟು ತಣ್ಣಗಿರುತ್ತದೆ ಅನ್ನುವುದು ಗೊತ್ತಿರಲಿಲ್ಲ.

ಅವನು ಗಂಗಲಕ್ಷ್ಮಮ್ಮನ ಕಡೆ ನೋಡಿದ. ಆಕೆ ತಲೆ ಎತ್ತಲಿಲ್ಲ. ಆಕೆಗೆ ಮೊದಲೇ ಗೊತ್ತಿತ್ತು. ಬೆಳ್ಳುಳ್ಳಿ ಸಿಪ್ಪೆಯನ್ನು ಒಟ್ಟುಮಾಡುತ್ತ, "ಊಟ ಮಾಡ್ಕೊಂಡ್ ಹೋಗಪ್ಪ" ಅಂದಳು. ಕನ್ನಡದಲ್ಲಿ ಅಂದಳು. ಅಷ್ಟು ವರ್ಷದಲ್ಲಿ ಆ ತಾಯಿ ಅವನನ್ನು ಕನ್ನಡದಲ್ಲಿ ಊಟಕ್ಕೆ ಕರೆದದ್ದಿಲ್ಲ.

ಹೊರಗೆ ಬಂದ ಯೋಗಾನಂದನ ಮುಖ ಕಪ್ಪಿಟ್ಟಿತು.

"ಲೇ ನೂರಿ, ನಾನೇ ಹೇಳ್ಬೇಕು ಅಂತಿದ್ದೆ. ದೇವನಹಳ್ಳಿ ಕಡೆ ರೆಸಾರ್ಟ್ ಮಾಡಿರೋರು, ಹಿಂದೂಪುರದೋರು. ಮುಂದ್ಗಡೆ ನಿಲ್ಲಿಸ್ತಾರಂತೆ. ಮಗ್ಗ ನೋಡ್ತಿದ್ದೀಯಲ್ಲ ನೀನೇ, ಅರ್ಧ ನಿಂತೋಗಿವೆ."

"ನಮ್ಮ ಗಾಡಿ ಅಂದಿದ್ಯಲ್ಲೋ."

"ನಮ್ದೇ ಅಲ್ವೇನೋ ಮತ್ತೆ? ನಮ್ಮ ತಾತ ಕೊಂಡಿದ್ದು." ಇದನ್ನು ಅವನು ಕಳ್ಳತನದಿಂದ ಹೇಳಲಿಲ್ಲ. ನಿಜವಾಗಿಯೂ ಗೊತ್ತಾಗದವನ ಹಾಗೆ ಹೇಳಿದ. ಅದೇ ಹೆಚ್ಚು ಉರಿಯಿತು. "ನಿನ್ನ ಕೂಲಿ ಏನಾಗುತ್ತೋ ಹೇಳು, ಸುಮ್ನೆ ಮಾಡಿಸ್ಕೊಳ್ಳೋನಲ್ಲ ನಾನು."

"ಕಷ್ಟ ಅಂದಿದ್ರೆ ನಾನೇ ಮಾರೋ ಅಂತಿದ್ನಲ್ಲೋ ಯೋಗ. ನಾನೇ ಗಿರಾಕಿ ಹುಡುಕ್ತಿದ್ದೆ. ನನ್ನೊಂದ್ ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಕರೆಂಟ್ ಬಂತು, ಮಗ್ಗಗಳು ಮತ್ತೆ ಬಡಿಯತೊಡಗಿದವು. ಇಬ್ಬರಿಗೂ ಮಾತಾಡದಿರಲು ಒಂದು ನೆಪ ಸಿಕ್ಕಿತು.

ಶಂಶುನ್ನೀಸಾ ಮೂಗು ಮುರಿಯಲಿಲ್ಲ, ನಾನಾಗಲೇ ಹೇಳಿರಲಿಲ್ವಾ ಅನ್ನಲಿಲ್ಲ. ಗಂಡನಿಗೆ ಅನ್ನ ಬಡಿಸಿ ಎದುರಿಗೆ ಕೂತಳು. ಅವನು ಅನ್ನ ಮುಟ್ಟಲಿಲ್ಲ. "ಅಬ್ಬಾನನ್ನ ಎರಡನೇ ಸಲ ಮಣ್ಣು ಮಾಡ್ದಂಗಾಯ್ತು" ಅಂತ ಮಗಳ ಹತ್ತಿರ ಹೇಳಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ. ಗಾಡಿ ಇದ್ದದ್ದು ಅವನದೇ ಶೆಡ್ಡಿನಲ್ಲಿ. ಬೀಗ ಹಾಕಿ ಕೂತಿದ್ದರೆ ಕೇಳುವವರಿರಲಿಲ್ಲ. ಊರಿನವರೂ ಅದನ್ನೇ ಹೇಳಿಕೊಟ್ಟರು. ಅವನು ಮಾಡಲಿಲ್ಲ. ಬೀಗ ಹಾಕಿದರೆ ಅದು ಪಾಲಿನ ಜಗಳವಾಗುತ್ತದೆ. ಅವನು ಪಾಲು ಕೇಳಿದ್ದೇ ಇಲ್ಲ.

ರೆಸಾರ್ಟಿನ ಲಾರಿ ಬಂದ ದಿನ ಯೋಗಾನಂದ ಬರಲಿಲ್ಲ. ಲಾರಿಯವರು ಹಗ್ಗವನ್ನು ಮಡ್‌ಗಾರ್ಡಿಗೇ ಬಿಗಿಯಲು ಹೊರಟರು. ನೂರ್ ಅಹಮದನಿಗೆ ನೋಡಲಾಗಲಿಲ್ಲ. ಬೈದು ಅವರನ್ನು ಇಳಿಸಿ, ತಾನೇ ಕಾರಿನಡಿಯ ಚಾಸಿಗೆ ಹಗ್ಗ ಬಿಗಿದು, ಗಾಜಿಗೆ ಗೋಣಿತಾಟು ಕಟ್ಟಿ ಕಳಿಸಿಕೊಟ್ಟ. ಶೆಡ್ಡಿನಲ್ಲಿ ಕಾರು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಉಳಿಯಿತು. ಅದರ ಮೇಲೆ ಯಾರದೋ ಸ್ವಿಫ್ಟ್ ತಂದು ನಿಲ್ಲಿಸಿ ಬಾಗಿಲು ಬಿಚ್ಚಿದ. ಕೂಲಿ ಅಂತ ಯೋಗಾನಂದ ಯಾರ ಕೈಲೋ ಕಳಿಸಿದ ಲಕೋಟೆ ಬಂದ ಹಾಗೇ ವಾಪಸು ಹೋಯಿತು.

ಮಳೆಗಾಲ ಕಳೆದ ಮೇಲೆ ಯೋಗಾನಂದ ಒಂದು ಹೊಸ ಕಾರು ತಗೊಂಡ. ತಗೊಂಡ ವಾರದಲ್ಲೇ ದಾಬಸ್‌ಪೇಟೆ ಹತ್ತಿರ ಕಂಟೇನರ್ ಲಾರಿಗೆ ಬಾಗಿಲು ಉಜ್ಜಿಕೊಂಡ. ಎರಡು ಮೂರು ಕಡೆ ತೋರಿಸಿದ. ಎಲ್ಲರೂ ಬಾಗಿಲೇ ಬದಲಾಯಿಸಬೇಕು ಅಂದರು. ಕೊನೆಗೆ, ಮನಸ್ಸು ಗಟ್ಟಿ ಮಾಡಿಕೊಂಡು, ಹೊಂಗೆ ಮರದಡಿ ಕಾರು ನಿಲ್ಲಿಸಿದ.

"ಲೇ ನೂರಿ," ಅಂದ, ನಗಲು ನೋಡುತ್ತ.

ನೂರ್ ಅಹಮದ್ ಸುತ್ತಿಗೆ ಕೆಳಗಿಟ್ಟ. ಗೋಡೆಗೆ ಒರಗಿಸಿದ್ದ ಪ್ಲಾಸ್ಟಿಕ್ ಕುರ್ಚಿ ತಂದು, ಹೆಗಲ ಬಟ್ಟೆಯಿಂದ ಒರೆಸಿ, ಮುಂದಿಟ್ಟ.

"ಬನ್ನಿ ಸಾರ್, ಕೂತ್ಕೊಳ್ಳಿ. ಏನ್ ಕೆಲಸ ಆಗ್ಬೇಕಿತ್ತು?"

ಯೋಗಾನಂದ ಕೂರಲಿಲ್ಲ. "ಏನೋ ಇದು? ಬೈಯೋ. ಬೇಕಾದ್ರೆ ಎರಡೇಟು ಹೊಡಿ."

ನೂರ್ ಅಹಮದ್ ಆಗಲೇ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ತಗ್ಗಿನ ಮೇಲೆ ಅಂಗೈ ಆಡಿಸುತ್ತಿದ್ದ. ಬಾಗಿಲು ಬದಲಾಯಿಸುವುದು ಬೇಕಿಲ್ಲ, ತಗ್ಗನ್ನೇ ಬಡಿದು ಎತ್ತಬಹುದು.

"ಶನಿವಾರ ಸಂಜೆ ಆಗುತ್ತೆ ಸಾರ್," ಅಂದ. "ನೀವೇ ಬರ್ಬೇಕು ಅಂತೇನಿಲ್ಲ. ಯಾರನ್ನಾದ್ರೂ ಕಳಿಸಿ."